ಮಲಗಿಸಿದವಳು

ತ್ರಿವಿಕ್ರಮ ಮೇಷ್ಟ್ರಿಗೆ ಇಂಗ್ಲಿಷ್ ಬರುವುದಿಲ್ಲ ಎನ್ನುವ ಧೈರ್ಯ ಭದ್ರಾವತಿಯಲ್ಲಿ ಯಾರಿಗೂ ಇರಲಿಲ್ಲ. ಅವರಿಗೆ ಬಾರದೆ ಇದ್ದದ್ದು ಇಂಗ್ಲಿಷನ್ನು ಮುಗಿಸುವುದು. ಶಿವಮೊಗ್ಗದ ಹೈಸ್ಕೂಲೊಂದರಲ್ಲಿ ಅವರು ಪಾಠ ಹೇಳುತ್ತಿದ್ದ ಕಾಲಕ್ಕೆ ಪಕ್ಕದ ಸೆಕ್ಷನ್ನಿನ ಹುಡುಗರು ಪುಸ್ತಕ ಮುಗಿಸಿ ತಿರುಗಿ ಮೊದಲಿಂದ ಓದುತ್ತಿದ್ದರೆ, ಇವರ ಹುಡುಗರು ಇನ್ನೂ ಮೊದಲ ಪಾಠದ ನಡುವೆ ಯಾವುದೋ ಒಂದು ಕ್ರಿಯಾಪದದ ಬೇರು ಅಗೆಯುತ್ತ ಕೂತಿರುತ್ತಿದ್ದರು. ಮೇಷ್ಟ್ರ ಅಜ್ಜ ವ್ಯಾಕರಣದಲ್ಲಿ ದೊಡ್ಡ ಹೆಸರು. ಬೆಳಿಗ್ಗೆ ಧಾತುಪಾಠ ಒಪ್ಪಿಸದ ಮೊಮ್ಮಗನಿಗೆ ಆ ಮನೆಯಲ್ಲಿ ತಿಂಡಿ ಇರುತ್ತಿರಲಿಲ್ಲ. ಪದವನ್ನು ಕೈಗೆತ್ತಿಕೊಂಡ ಮೇಲೆ ಅದರ ಧಾತು ಸಿಗುವವರೆಗೆ ಕೆಳಗಿಡಬಾರದು ಎಂದು ಅಲ್ಲಿ ಕಲಿತದ್ದನ್ನು ಮೇಷ್ಟ್ರು ಸಂಸ್ಕೃತದಿಂದ ಬಿಡಿಸಿ ತಂದು ಇಂಗ್ಲಿಷಿಗೆ ಅಂಟಿಸಿದರು. ರಿಟೈರಾಗಿ ಭದ್ರಾವತಿಯ ಓಲ್ಡ್ ಟೌನಿನ ಮನೆ ಸೇರಿದ ಮೇಲೆ ಅವರನ್ನು ಅವಸರ ಪಡಿಸುವ ಹೆಡ್ಮಾಸ್ಟರೂ ಇಲ್ಲವಾದರು.

ಅಂಥವರ ಬಳಿಗೆ, ಉಳಿದಿದ್ದ ಒಂದೇ ಒಂದು ವರ್ಷವನ್ನು ಸೆರಗಿನಲ್ಲಿ ಕಟ್ಟಿಕೊಂಡು, ಜಗದಾಂಬಾ ಬಂದಳು. ಕನ್ನಡ ನಾಡು ಒಂದಾಗಿ ಎರಡು ವರ್ಷವಾಗಿತ್ತು. ಜಗದಾಂಬಾ ವಿಧವೆಯಾಗಿಯೂ ಸುಮಾರು ಅಷ್ಟೇ ಕಾಲವಾಗಿತ್ತು.

ಅವಳ ಗಂಡ ಕೊಟ್ರಬಸಪ್ಪ ಕಬ್ಬಿಣದ ಕಾರ್ಖಾನೆಯಲ್ಲಿ ಎರಕದ ಕೆಲಸದವನು. ಅವನು ತೀರಿಕೊಂಡಾಗ ಕಾರ್ಖಾನೆಯ ಸಾಹೇಬರೊಬ್ಬರು ಅವಳನ್ನು ಕರೆಸಿ, "ನಮ್ಮ ಪ್ರೈಮರಿ ಸ್ಕೂಲಲ್ಲಿ ಮೇಡಮ್ಮರ ಜಾಗ ಖಾಲಿ ಆಗುತ್ತಮ್ಮ. ಎಸ್ಸೆಸ್ಸೆಲ್ಸಿ ಪಾಸು ಮಾಡ್ಕೊಂಡು ಬಾ, ನಿನಗೇ ಕೊಡ್ತೀನಿ. ಅಲ್ಲೀವರೆಗೂ ಕ್ವಾರ್ಟರ್ಸ್ ಖಾಲಿ ಮಾಡೋದು ಬೇಡ" ಎಂದಿದ್ದರು. ಒಳ್ಳೆಯ ಮನುಷ್ಯ. ಅವಳು ಮದುವೆಗೆ ಮುಂಚೆ ಹೈಸ್ಕೂಲಿಗೆ ಹೋಗಿ ಅರ್ಧಕ್ಕೆ ಬಿಟ್ಟವಳು. ಪ್ರೈವೇಟಾಗಿ ಕಟ್ಟಿ, ಮೊದಲ ಸಲಕ್ಕೇ ಎಲ್ಲ ವಿಷಯವನ್ನೂ ದಾಟಿಸಿಕೊಂಡಳು, ಇಂಗ್ಲಿಷೊಂದನ್ನು ಬಿಟ್ಟು. ಸಾಹೇಬರು ತಲೆ ಕೆರೆದುಕೊಂಡು ಇನ್ನೊಂದು ವರ್ಷ ಎಂದರು. ಇದಾದ ಮೇಲೆ ಇನ್ನೊಂದು ಎನ್ನುವುದು ಇಲ್ಲ ಎಂದೂ ಹೇಳಿದರು.

ಪಾಸಾದರೆ ಒಂದು ಕೋಣೆ, ಒಂದು ಅಡುಗೆಮನೆ, ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಬಾಗಿಲು. ಫೇಲಾದರೆ ಹೊಳೆಹೊನ್ನೂರಿನಲ್ಲಿ ಅತ್ತೆ ಶಂಕರಮ್ಮನ ಮನೆ. ತವರು ಎಂದು ಹೇಳಿಕೊಳ್ಳಲು ಯಾರೂ ಉಳಿದಿರಲಿಲ್ಲ. ದುಡಿತಕ್ಕೆ ಹೆದರಿ ಹೊಳೆಹೊನ್ನೂರನ್ನು ಬೇಡವೆನ್ನುವ ಹೆಣ್ಣಲ್ಲ ಜಗದಾಂಬಾ. ಅವಳು ಹೆದರುತ್ತಿದ್ದದ್ದು ಆ ಮನೆಯ ನಡುಮನೆಯ ಕಂಬಕ್ಕೆ, ಅದಕ್ಕೆ ಒರಗಿ ಕೂತ ಮುದುಕಿಗೆ.

ಆ ಕಥೆ ಹೀಗೆ. ಕೊಟ್ರಬಸಪ್ಪ ಸಂಬಂಧಿಕರ ಮದುವೆ ಮಾತುಕತೆಗೆಂದು ಶಿವಮೊಗ್ಗಕ್ಕೆ ಹೋದವನು ಛತ್ರದಲ್ಲಿ ಚಾಪೆ ಹಾಸಿಕೊಂಡು ಮಲಗಿದ, ಬೆಳಿಗ್ಗೆ ಏಳಲಿಲ್ಲ. ಯಾರ ತಪ್ಪೂ ಅಲ್ಲ, ಎದೆ ನಿಂತಿತ್ತು. ಲಾರಿಯೊಂದನ್ನು ಗೊತ್ತು ಮಾಡಿ ಹೊಳೆಹೊನ್ನೂರಿಗೆ ತಂದು ಇಳಿಸುವಷ್ಟರಲ್ಲಿ ಮಧ್ಯಾಹ್ನವಾಗಿ ಮೈ ಮರಗಟ್ಟಿತ್ತು. ಅವರು ಲಿಂಗವಂತರು. ಅವರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಉಸಿರು ನಿಂತ ಕೂಡಲೇ ಕಾಲು ಮಡಿಸಿ, ಗೋಡೆಗೆ ಆನಿಸಿ, ವಿಭೂತಿ ಹಚ್ಚಿ, ಹಾರ ಹಾಕಿ, ಪೂಜೆಗೆ ಕೂತವರ ಹಾಗೆ ಕೂರಿಸುತ್ತಾರೆ. ಸಮಾಧಿಯ ಗುಂಡಿಯ ಒಳಗೊಂದು ಗೂಡು ತೋಡಿ, ಅಂಗೈಯಲ್ಲಿ ಇಷ್ಟಲಿಂಗವಿಟ್ಟು, ಆ ಗೂಡಿನೊಳಗೂ ಕೂರಿಸಿಯೇ ಮಣ್ಣು ಮುಚ್ಚುತ್ತಾರೆ. ಕೊಟ್ರಬಸಪ್ಪನ ಕಾಲು ಮಡಿಸಲು ಬರಲಿಲ್ಲ. ಹಿರಿಯರು ಬಿಸಿನೀರು ಹುಯ್ದು ತಿಕ್ಕಿದರು. ಇಬ್ಬರು ಮಂಡಿಯ ಮೇಲೆ ಭಾರ ಬಿಟ್ಟರು. ಸುದ್ದಿ ತಿಳಿದು ಭದ್ರಾವತಿಯಿಂದ ಬಂದು ಒಳಗಿದ್ದ ಜಗದಾಂಬಾಗೆ ಒಂದು ಸದ್ದು ಕೇಳಿಸಿತು. ಅವಳು ಅಂಗಳಕ್ಕೆ ಓಡಿ ಬಂದು ಗಂಡನ ಕಾಲಿನ ಮೇಲೆ ಬಿದ್ದು, "ಬಿಡಿ, ಮುರೀಬೇಡಿ. ಮಲಗಿಸಿಬಿಡಿ, ಹಂಗೇ ಮಲಗಿಸಿಬಿಡಿ" ಎಂದು ಕೂಗಿದಳು.

ಕ್ರಿಯೆ ಮಾಡಿಸಲು ಬಂದಿದ್ದ ಅಯ್ಯನವರು ಹಿರಿಯರ ಮುಖ ನೋಡಿದರು. ಹೆಂಡತಿಯೇ ಹೇಳಿದ ಮೇಲೆ ಇನ್ನೇನು ಎಂದು ಯಾರೋ ಅಂದರು. ಗುಂಡಿಯನ್ನು ಉದ್ದಕ್ಕೆ ತೋಡಿ ಕೊಟ್ರಬಸಪ್ಪನನ್ನು ಮಲಗಿಸಿದರು.

ಶಂಕರಮ್ಮ ಅತ್ತೂ ಇಲ್ಲ, ಬಯ್ದೂ ಇಲ್ಲ. "ಕೂರ್ಬೇಕಾದ ನನ್ ಮಗನ್ನ ಇವಳು ಮಲಗಿಸಿದ್ಲು" ಎಂದಷ್ಟೇ ಹೇಳಿ ನಡುಮನೆಯ ಕಂಬಕ್ಕೆ ಒರಗಿ ಕೂತಳು. ಅಂದಿನಿಂದ ಅವಳು ನೆಲಕ್ಕೆ ಬೆನ್ನು ಹಚ್ಚಲಿಲ್ಲ. ನಿದ್ದೆಯೂ ಕೂತೇ. ತನ್ನ ಸಾವು ಯಾವ ಗಳಿಗೆಗೆ ಬಂದರೂ ತಾನು ಕೂತೇ ಸಿಗಬೇಕು, ಯಾರ ಕೈಗೂ ತನ್ನನ್ನು ಮಲಗಿಸುವ ಅವಕಾಶ ಇರಬಾರದು ಎಂದು ಅವಳ ಲೆಕ್ಕ. ಬಂದವರಿಗೆಲ್ಲ ಅದೇ ಒಂದು ಮಾತು ಹೇಳುತ್ತಿದ್ದಳು. ತಿಂಗಳೊಪ್ಪತ್ತು ಕೇಳಿಸಿಕೊಂಡ ಜಗದಾಂಬಾ ಭದ್ರಾವತಿಯ ಕ್ವಾರ್ಟರ್ಸಿಗೆ ಓಡಿಬಂದಳು.

ಈಗ ಮೇಷ್ಟ್ರ ಜಗುಲಿಗೆ ಬರೋಣ. ಪಾಠ ದಿನವೂ ಸಂಜೆಯ ಹೊತ್ತು. ಮೇಷ್ಟ್ರ ಹೆಂಡತಿ ಸುಬ್ಬಲಕ್ಷ್ಮಿ ಈಳಿಗೆ ಮಣೆ ತಂದು ಬಾಗಿಲಲ್ಲೇ ಕೂತು ತರಕಾರಿ ಹೆಚ್ಚುತ್ತಿದ್ದರು. ಹೆಂಗಸಿಗೆ ಪಾಠ ಹೇಳುವ ಗಂಡಸಿನ ಎದುರು ಇನ್ನೊಬ್ಬ ಹೆಂಗಸು ಇರಬೇಕು ಎಂಬುದು ಒಂದು ಕಾರಣ. ಇವರ ಪಾಠ ಎಲ್ಲಿಗೆ ಬಂತು ಎಂದು ನೋಡುವ ಕುತೂಹಲ ಇನ್ನೊಂದು. ಈ ಮನೆಯ ಲೋಟ ಅವಳಿಗಾಗದು, ಅವಳು ಮುಟ್ಟಿದ ಲೋಟ ಇವರಿಗಾಗದು. ಹಾಗಾಗಿ ಕಾಫಿಯ ಮಾತೇ ಬರುತ್ತಿರಲಿಲ್ಲ. ಇಂಗ್ಲಿಷಿಗೆ ಮಾತ್ರ ಮಡಿ ಇಲ್ಲದ್ದರಿಂದ ಅದು ಹೊಸಿಲು ದಾಟಿ ಆರಾಮವಾಗಿ ಓಡಾಡುತ್ತಿತ್ತು.

ಮೊದಮೊದಲು ಜಗದಾಂಬಾಗೆ ದಿಗಿಲಾಗುತ್ತಿತ್ತು. ನ್ಯೂ ಟೌನಿನಲ್ಲಿ ಹಿಂದಿನ ವರ್ಷ ಹೇಳಿಕೊಟ್ಟಿದ್ದವರು ಪ್ರಬಂಧ ಇಷ್ಟು, ಕಾಗದ ಇಷ್ಟು ಎಂದು ಬಾಯಿಪಾಠ ಮಾಡಿಸಿದ್ದರು. ಅದು ಬಾಯಲ್ಲಿ ನಿಂತಿತು, ಪರೀಕ್ಷೆಯ ಹಾಳೆಗೆ ಇಳಿಯಲಿಲ್ಲ. ಇವರು ಬಾಯಿಪಾಠದ ಹೆಸರು ಎತ್ತಿದರೆ ಮುಖ ಸಿಂಡರಿಸುತ್ತಿದ್ದರು. ಒಂದೊಂದು ಪದದ ಜೊತೆ ದಿನಗಟ್ಟಲೆ ಕೂರುತ್ತಿದ್ದರು. ಬರಬರುತ್ತ ಅವಳಿಗೆ ಅದು ಹಿಡಿಸಿತು. ತನ್ನ ಹಾಗೆಯೇ ಎಲ್ಲಿಂದಲೋ ಬಂದು, ಯಾರದೋ ಮನೆ ಸೇರಿ, ರೂಪ ಬದಲಾಯಿಸಿಕೊಂಡ ಪದಗಳು ಅವು. ಅವುಗಳ ತವರು ತಿಳಿದಾಗ ಅವಳಿಗೆ ಆಗುತ್ತಿದ್ದ ಸಂತೋಷ ಬೇರೆ ಯಾವುದರಿಂದಲೂ ಆಗುತ್ತಿರಲಿಲ್ಲ. ಅಡುಗೆ ಮಾಡುವಾಗ, ಬಟ್ಟೆ ಒಗೆಯುವಾಗ ಒಬ್ಬಳೇ ಪದಗಳನ್ನು ಹೇಳಿಕೊಳ್ಳುತ್ತಿದ್ದಳು. ಗಂಡ ಹೋದ ಮೇಲೆ ಅವಳು ಮೊದಲ ಸಲ ನಕ್ಕದ್ದು ಮೇಷ್ಟ್ರ ಜಗುಲಿಯಲ್ಲೇ, ಅದೂ ಒಂದು ಪದದ ವಂಶಾವಳಿ ಕೇಳಿ.

ಸಂಕ್ರಾಂತಿ ಕಳೆದ ಮೇಲೆ ಒಂದು ಸಂಜೆ ಮೇಷ್ಟ್ರು 'ಲೈ' ಎತ್ತಿಕೊಂಡರು.

"ಇಂಗ್ಲೆಂಡಿನವರಿಗೇ ಗೊಂದಲ ಆಗೋ ಕ್ರಿಯಾಪದ ಇದು" ಎಂದು ಕೈ ಉಜ್ಜಿಕೊಂಡರು. "ಲೈ ಅಂದ್ರೆ ಮಲಗು. ಲೇ ಅಂದ್ರೆ ಮಲಗಿಸು. ಆದ್ರೆ ನಿನ್ನೆ ಮಲಗಿದ ಅನ್ನೋಕೂ ಲೇ ಅನ್ನಬೇಕು! ಅದಕ್ಕೇ ಎಲ್ಲರೂ ಜಾರಿ ಬೀಳೋದು. ನಾವು ಕನ್ನಡದಲ್ಲಿ ಒಂದು 'ಇಸು' ಹಚ್ಚಿ ಕೆಲಸ ಮುಗಿಸ್ತೀವಿ. ಮಲಗು, ಮಲಗಿಸು. ಬೀಳು, ಬೀಳಿಸು. ಅವರ ಪೂರ್ವಿಕರು ಪದದ ಹೊಟ್ಟೆ ಒಳಗಿನ ಸ್ವರಾನೇ ತಿರುಗಿಸಿಬಿಟ್ರು. ಲೈ, ಲೇ. ಫಾಲ್, ಫೆಲ್. ತಿಳೀತಾ?"

"ತಿಳೀತು ಮೇಷ್ಟ್ರೆ."

"ಇನ್ನೂ ಕೇಳು. ಕಾನೂನಿಗೆ ಲಾ ಅಂತೀವಲ್ಲ, ಅದೂ ಇದೇ ಮನೆ ಕೂಸು. ಹಿರಿಯರು ಹೀಗೇ ಅಂತ ಹಾಕಿಟ್ಟದ್ದು, ಅದೇ ಲಾ." ಮೇಷ್ಟ್ರು ಮುಂದಕ್ಕೆ ಬಾಗಿದರು. "ಆದ್ರೆ ಮುಖ್ಯವಾದ ಗುಟ್ಟು ಬೇರೆ. ಲೈ ಅನ್ನೋದು ಒಂಟಿ, ಅದಕ್ಕೆ ಯಾರೂ ಬೇಡ. ತಾನಾಗಿ ಮಲಗಿದ, ಮುಗೀತು. ಲೇ ಹಾಗಲ್ಲ. ಅದರ ಬೆನ್ನ ಹಿಂದೆ ಒಬ್ಬರು ನಿಂತಿರಲೇಬೇಕು. ಮಲಗಿಸಿದರು ಅಂದ್ರೆ, ಮಲಗಿಸಿದೋರು ಯಾರು? ಕೇಳಬೇಕು. ಉತ್ತರ ಸಿಗೋವರೆಗೂ ವಾಕ್ಯ ಪೂರ್ತಿ ಆಗಲ್ಲ."

ಹೀಗೆ ಹೇಳಿ, ಉದಾಹರಣೆಗೆಂದು, ಅವನನ್ನು ಸಮಾಧಿಯಲ್ಲಿ ಮಲಗಿಸಿದರು ಎಂಬ ಅರ್ಥದ ಇಂಗ್ಲಿಷ್ ವಾಕ್ಯವೊಂದನ್ನು ಹೇಳಿದರು. ಪಾಪ, ಅವರಿಗೆ ಏನೂ ಗೊತ್ತಿರಲಿಲ್ಲ. ತಮ್ಮ ಕಾಲದಿಂದಲೂ ಹೇಳಿಕೊಂಡು ಬಂದ ಹಳೆಯ ಉದಾಹರಣೆ ಅದು.

ಜಗದಾಂಬಾ ಪೆನ್ಸಿಲನ್ನು ಕೆಳಗಿಟ್ಟಳು. ಆಮೇಲೆ, "ನಮ್ಮಲ್ಲಿ ಮಲಗಿಸಲ್ಲ ಮೇಷ್ಟ್ರೆ. ಕೂರಿಸ್ತಾರೆ" ಎಂದಳು.

ಸುಬ್ಬಲಕ್ಷ್ಮಿ ಹೆಚ್ಚುವುದನ್ನು ನಿಲ್ಲಿಸಿ ಅವಳ ಮುಖ ನೋಡಿದರು. ಮೇಷ್ಟ್ರು ಮುಖ ನೋಡಲಿಲ್ಲ, ಅವರಿಗೆ ಪದ ಕಂಡಿತ್ತು. "ಹೌದಲ್ಲ! ಕೂರಿಸೋದು! ಸಿಟ್, ಸೆಟ್!" ಎಂದು ಎದ್ದು ಒಳಗೆ ಹೋಗಿ ಎರಡು ಕೈಯಲ್ಲಿ ಹೊರಬೇಕಾದ ನಿಘಂಟು ಹೊತ್ತು ತಂದರು. "ಇದಂತೂ ಸಮುದ್ರ ಮಾರಾಯ್ತಿ! ಸೂರ್ಯ ಮುಳುಗಿದರೆ ಸೆಟ್, ಮೊಸರು ಹೆಪ್ಪುಗಟ್ಟಿದರೆ ಸೆಟ್, ಮುರಿದ ಎಲುಬು ಕೂರಿಸಿದರೆ ಸೆಟ್. ಎಲ್ಲಾ ಕೂರಿಸೋದೇ. ನಮ್ಮ ಸಂಸ್ಕೃತದ ಸದ್ ಧಾತು ಇದಕ್ಕೆ ಅಣ್ಣನೋ ತಮ್ಮನೋ ಆಗಬೇಕು. ನೀಡ ಅಂತೀವಲ್ಲ, ಹಕ್ಕಿಗೂಡು, ಅವರ ನೆಸ್ಟ್, ಎರಡೂ ಒಂದೇ. ಕೆಳಗೆ ಕೂರೋ ಜಾಗ ಅಂತ ಅರ್ಥ."

"ಸಮಾಧಿ ಒಳಗೆ ಕೂರಿಸೋ ಜಾಗಕ್ಕೂ ನಾವು ಗೂಡು ಅಂತೀವಿ" ಎಂದಳು ಜಗದಾಂಬಾ.

ಮೇಷ್ಟ್ರ ಕಣ್ಣು ಮಿಂಚಿತು. ಇಂಥ ಶಿಷ್ಯೆ ತಮಗೆ ಇಷ್ಟು ವರ್ಷದಲ್ಲಿ ಸಿಕ್ಕಿರಲಿಲ್ಲ ಎಂದು ಅವರು ಅಂದೇ ಹೆಂಡತಿಯ ಬಳಿ ಹೇಳಿಕೊಂಡರು.

ಆ ನಾಲ್ಕು ಪದಗಳಲ್ಲೇ ಮಾಘ ಕಳೆಯಿತು. ಸುಬ್ಬಲಕ್ಷ್ಮಿ ಎರಡು ಮೂರು ಸಲ, "ಪ್ರಬಂಧ ಬರೆಸೋದು, ಕಾಗದ ಬರೆಸೋದು ಯಾವಾಗ? ಪುಸ್ತಕದ ಪಾಠ ಹಾಗೇ ಇದೆಯಲ್ಲಾ" ಎಂದು ಕೇಳಿದರು. ಮೇಷ್ಟ್ರು, "ಬೇರು ಗಟ್ಟಿ ಆದ್ರೆ ಉಳಿದದ್ದು ತಾನೇ ಬರುತ್ತೆ ಕಣೆ" ಎಂದರು. ಸುಬ್ಬಲಕ್ಷ್ಮಿ ಜಗದಾಂಬಾಳ ಕಡೆ ತಿರುಗಿ, "ನೀನಾದ್ರೂ ಹೇಳಬಾರದಾ?" ಎಂದರು. ಅವಳು ಹೇಳಬಹುದಿತ್ತು. ಅವಳೇನು ಎಳೆಮಗುವಲ್ಲ, ಕ್ಯಾಲೆಂಡರು ಅವಳ ಮನೆಯಲ್ಲೂ ಇತ್ತು. ಆದರೆ ಅವಳಿಗೆ ಬೇಕಾದದ್ದು ಆ ನಾಲ್ಕು ಪದಗಳೇ. ಎರಡು ವರ್ಷದಿಂದ ಎದೆಯಲ್ಲಿ ಹೆಸರಿಲ್ಲದೆ ಬಿದ್ದಿದ್ದ ಒಂದಕ್ಕೆ ಹೆಸರು ಸಿಗುವ ಹಾಗಿತ್ತು. ಮುದುಕಿ ಅಂದ ಮಾತಿಗೆ ಕನ್ನಡದಲ್ಲಿ ಅವಳು ಒಂದು ದಿನವೂ ಉತ್ತರ ಕೊಟ್ಟಿರಲಿಲ್ಲ. ಪರಭಾಷೆಯಲ್ಲಾದರೆ ಕೊಡಬಹುದೇನೋ ಎನ್ನಿಸಿ ಅವಳು ದಿನವೂ ಸಂಜೆ ಆ ಜಗುಲಿಗೆ ಬಂದು, "ಇನ್ನೊಂದು ಸಲ ಹೇಳಿ ಮೇಷ್ಟ್ರೆ" ಎನ್ನುತ್ತಿದ್ದಳು. ತಪ್ಪು ಒಬ್ಬರದೇ ಎಂದು ಯಾರ ತಲೆಗೂ ಕಟ್ಟುವ ಹಾಗಿಲ್ಲ, ಇಬ್ಬರೂ ಸೇರಿ ಸಂತೋಷವಾಗಿ ಮಾಡಿದ ತಪ್ಪು ಅದು.

ಪರೀಕ್ಷೆಯ ಸೆಂಟರು ಶಿವಮೊಗ್ಗದಲ್ಲಿ. ಅವಳು ಬೆಳಗಿನ ರೈಲು ಹತ್ತಿ, ತುಂಗೆಯ ಸೇತುವೆ ದಾಟಿ, ಸ್ಟೇಷನ್ನಿನಿಂದ ನಡೆದೇ ಹೋದಳು. ದಾರಿಯಲ್ಲಿ ಆ ಛತ್ರ ಸಿಕ್ಕಿತು. ಗಂಡ ಮಲಗಿ ಏಳದೆ ಹೋದ ಛತ್ರ. ಬಾಗಿಲಲ್ಲಿ ಮದುವೆಯ ಚಪ್ಪರ ಹಾಕಿದ್ದರು, ಯಾರೋ ಬಾಳೆಕಂಬ ಕಟ್ಟುತ್ತಿದ್ದರು. ಆ ಕಡೆ ನೋಡದೆ ದಾಟಿದೆ ಎಂದುಕೊಂಡಳು, ನೋಡಿದ್ದಳು.

ಪ್ರಶ್ನೆಪತ್ರಿಕೆ ಕೈಗೆ ಬಂದಾಗ ಅವಳು ಮೊದಲಿಂದ ಕೊನೆಯವರೆಗೆ ಒಮ್ಮೆ ಓದಿದಳು. ಪ್ರಬಂಧವಿತ್ತು, ಕಾಗದವಿತ್ತು, ಓದದೆ ಬಿಟ್ಟಿದ್ದ ಪಾಠಗಳಿದ್ದವು. ನಡುವೆ ಎಲ್ಲೋ ಒಂದು ಸಣ್ಣ ಪ್ರಶ್ನೆ: ಅರ್ಥವ್ಯತ್ಯಾಸ ತಿಳಿಯುವ ಹಾಗೆ ವಾಕ್ಯಗಳಲ್ಲಿ ಬಳಸಿ. ಲೈ, ಲೇ. ಸಿಟ್, ಸೆಟ್. ಒಂದೊಂದಕ್ಕೆ ಒಂದೊಂದು ವಾಕ್ಯ ಬರೆದು ಮುಂದೆ ಹೋಗಬೇಕಾದ ಪ್ರಶ್ನೆ. ಜಗದಾಂಬಾ ಅದನ್ನೇ ಮೊದಲು ಎತ್ತಿಕೊಂಡಳು. ಗೊತ್ತಿರುವುದನ್ನು ಮೊದಲು ಬರೆದರೆ ಕೈ ಪಳಗುತ್ತದೆ ಎಂದುಕೊಂಡಳು.

ನನ್ನ ಗಂಡ ಈ ಊರಿನ ಛತ್ರದಲ್ಲಿ ಚಾಪೆಯ ಮೇಲೆ ಮಲಗಿದ. ಅದು ಮೊದಲ ವಾಕ್ಯ. ಇಲ್ಲಿ ಯಾರೂ ಅವನನ್ನು ಮಲಗಿಸಲಿಲ್ಲ, ಅವನೇ ಮಲಗಿದ ಎಂದು ಇನ್ನೊಂದು ವಾಕ್ಯ ಸೇರಿಸಿದಳು. ಸೇರಿಸಬೇಕಾಗಿರಲಿಲ್ಲ. ನಮ್ಮ ಜನ ಸತ್ತವರನ್ನು ಕೂರಿಸುತ್ತಾರೆ ಎಂದು ಬರೆದಳು. ಅದೊಂದು ಬರೆದ ಮೇಲೆ ಏಕೆ ಕೂರಿಸುತ್ತಾರೆ, ಹೇಗೆ ಕೂರಿಸುತ್ತಾರೆ ಎಂದು ಬರೆಯದೆ ಬಿಡುವುದು ಹೇಗೆ? ಗೂಡಿನ ವಿಷಯ ಬರೆದಳು, ಹಕ್ಕಿಯ ಗೂಡಿನ ವಿಷಯ ಬರೆದಳು, ಆ ಎರಡು ಪದಗಳ ತವರು ಬರೆದಳು. ಬಿಸಿನೀರು ಹುಯ್ದದ್ದು ಬರೆದಳು. ತಾನು ಒಳಗಿದ್ದು ಕೇಳಿದ ಸದ್ದಿಗೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೋ ತಿಳಿಯದೆ, ನನಗೆ ಆ ಪದ ಗೊತ್ತಿಲ್ಲ ಎಂದೇ ಬರೆದಳು. ಧಾತು ಸಿಗುವವರೆಗೆ ಪದವನ್ನು ಕೆಳಗಿಡಬಾರದು. ಹಾಳೆ ತಿರುವಿದಳು, ಎದ್ದು ನಿಂತು ಇನ್ನಷ್ಟು ಹಾಳೆ ಕೇಳಿದಳು. ಹತ್ತಿರ ಬಂದು ಕೊಟ್ಟ ಪರೀಕ್ಷೆಯ ಮೇಲ್ವಿಚಾರಕರು ಈಕೆ ಬಹಳ ಓದಿಕೊಂಡು ಬಂದಿದ್ದಾಳೆ ಎನ್ನುವ ಹಾಗೆ ತಲೆದೂಗಿ ಹೋದರು. ಅವಳ ಇಂಗ್ಲಿಷು ಅಂದು ಎಡವಲಿಲ್ಲ. ಯಾವತ್ತೂ ಬಾರದೆ ಇದ್ದದ್ದು ಅಂದು ಬಂತು, ನಿಲ್ಲಿಸಬೇಕು ಎಂಬುದು ಮಾತ್ರ ಹೊಳೆಯಲಿಲ್ಲ.

ಕೊನೆಗೆ 'ಲೇ' ಉಳಿದಿತ್ತು. ಅವನನ್ನು ಕೂರಿಸಲು ಆಗಲಿಲ್ಲ, ಅವನನ್ನು ಮಲಗಿಸಿದರು ಎಂದು ಬರೆದಳು. ಬರೆದು ನೋಡಿದಳು. ಮಲಗಿಸಿದವರು ಯಾರು? ಕೇಳಬೇಕು, ಉತ್ತರ ಸಿಗುವವರೆಗೂ ವಾಕ್ಯ ಪೂರ್ತಿಯಾಗುವುದಿಲ್ಲ. ಅವಳು 'ಅವರು' ಎಂಬುದನ್ನು ಹೊಡೆದುಹಾಕಿ 'ನಾನು' ಎಂದು ಬರೆದಳು. ನಾನು ನನ್ನ ಗಂಡನನ್ನು ಮಲಗಿಸಿದೆ. ಅವನಿಗೆ ನೋವಾಗುತ್ತದೆ ಎಂದು ಮಲಗಿಸಿದೆ. ಸತ್ತವರಿಗೆ ನೋವಾಗುವುದಿಲ್ಲ ಎಂದು ಎಲ್ಲರಿಗೂ ಗೊತ್ತು, ನನಗೂ ಗೊತ್ತು. ಆದರೂ ಮಲಗಿಸಿದೆ.

ಚುಕ್ಕೆ ಇಟ್ಟಳು. ಅಷ್ಟರಲ್ಲಿ ಗಂಟೆ ಹೊಡೆಯಿತು.

ಉಳಿದ ಪ್ರಶ್ನೆಗಳು ಹಾಗೇ ಇದ್ದವು. ಆ ಕ್ಷಣದಲ್ಲಿ ಅವಳಿಗೆ ಅದರ ಅರಿವಾಗಲಿಲ್ಲ ಎಂದರೆ ಯಾರೂ ನಂಬಲಾರರು, ಆದರೆ ನಿಜ. ರೈಲಿನಲ್ಲಿ ಕಿಟಕಿಯ ಪಕ್ಕ ಕೂತು ಬರುವಾಗ ಅವಳಿಗೆ ಮೈಯೆಲ್ಲ ಹಗುರವಾಗಿತ್ತು. ಎರಡು ವರ್ಷದಲ್ಲಿ ಅಂಥ ಸಂಜೆ ಬಂದಿರಲಿಲ್ಲ.

ಮಾರನೆಯ ದಿನ ಅವಳು ಮೇಷ್ಟ್ರ ಜಗುಲಿಗೆ ಬಂದು, ಆ ಪ್ರಶ್ನೆ ಬಂದಿತ್ತು ಎಂದು ಹೇಳಿ, ತಾನು ಬರೆದದ್ದನ್ನೆಲ್ಲ ಒಂದೊಂದಾಗಿ ಹೇಳಿದಳು. ಆ ಮನೆಯವರಿಗೆ ಅವಳ ಗಂಡನ ಸಾವಿನ ಕಥೆ ತಿಳಿದದ್ದೇ ಆಗ. ಕೇಳುತ್ತ ಕೇಳುತ್ತ ಮೇಷ್ಟ್ರ ಕಣ್ಣಲ್ಲಿ ನೀರು ಬಂತು. ಕನ್ನಡಕ ತೆಗೆದು ಒರೆಸಿಕೊಂಡರು.

"ನನ್ನ ಸರ್ವೀಸಲ್ಲಿ ಒಬ್ಬ ಹುಡುಗನೂ ಹೀಗೆ ಬರೆದಿಲ್ಲ ತಾಯಿ. ಒಬ್ಬನೂ ಬರೆದಿಲ್ಲ" ಎಂದರು. ಆಮೇಲೆ ಕನ್ನಡಕ ಹಾಕಿಕೊಳ್ಳುತ್ತ, "ಪ್ರಬಂಧ ಯಾವುದು ತಗೊಂಡೆ?" ಎಂದು ಕೇಳಿದರು.

"ಬರೀಲಿಲ್ಲ ಮೇಷ್ಟ್ರೆ."

"ಕಾಗದ?"

"ಇಲ್ಲ."

"ಪಾಠದ ಪ್ರಶ್ನೆ? ಒಂದೆರಡಾದ್ರೂ?"

ಜಗದಾಂಬಾ ತಲೆ ಅಲ್ಲಾಡಿಸಿದಳು. ಹಾಗೆ ಅಲ್ಲಾಡಿಸುತ್ತಿರುವಾಗಲೇ ತಾನು ಏನು ಮಾಡಿಕೊಂಡು ಬಂದಿದ್ದೇನೆ ಎಂಬುದು ಅವಳಿಗೆ ತಿಳಿಯಿತು. ಸುಬ್ಬಲಕ್ಷ್ಮಿ ಈಳಿಗೆ ಮಣೆಯನ್ನು ಪಕ್ಕಕ್ಕೆ ಸರಿಸಿ, "ಅಯ್ಯೋ ಮಾರಾಯ್ತಿ" ಎಂದರು. ಗಂಡನ ಕಡೆ ತಿರುಗಿ, "ಸಮಾಧಾನ ಆಯ್ತಾ ನಿಮಗೆ? ಗಟ್ಟಿ ಆಯ್ತಾ ಬೇರು?" ಎಂದು ಕೇಳಿದರು. ಆ ದನಿಯಲ್ಲಿ ಅವರು ಗಂಡನ ಜೊತೆ ಯಾವತ್ತೂ ಮಾತಾಡಿರಲಿಲ್ಲ.

ಮೇಷ್ಟ್ರು, "ಸಿಗೋವರೆಗೂ ಕೆಳಗಿಡಬೇಡ ಅಂದೋನು ನಾನು" ಎಂದರು.

"ಹೌದು ಮೇಷ್ಟ್ರೆ" ಎಂದಳು ಜಗದಾಂಬಾ. "ಸಿಕ್ತು."

ಫಲಿತಾಂಶದ ದಿನ ಪೇಪರಿನಲ್ಲಿ ಅವಳ ನಂಬರು ಇರಲಿಲ್ಲ. ಇರುತ್ತದೆ ಎಂದು ಯಾರೂ ಅಂದುಕೊಂಡಿರಲಿಲ್ಲ, ಆದರೂ ಮೇಷ್ಟ್ರು ಓಲ್ಡ್ ಟೌನಿನ ಅಂಗಡಿಯ ಮುಂದೆ ನಿಂತು ಆ ಪುಟವನ್ನು ಬೆರಳಿಟ್ಟು ಮತ್ತೆ ಮತ್ತೆ ಓದಿದರು. ಸಾಹೇಬರು ಬೇಜಾರು ಮಾಡಿಕೊಂಡರು. ಆ ಜಾಗಕ್ಕೆ ಪಾಸಾದ ಹುಡುಗಿಯೊಬ್ಬಳು ಬಂದಾಗಿತ್ತು, ಅವಳಿಗೂ ಮನೆ ಬೇಕಿತ್ತು.

ಕರೆದುಕೊಂಡು ಹೋಗಲು ಮೈದುನ ಉಜ್ಜನಪ್ಪ ಗಾಡಿ ತಂದ. ಕೆಟ್ಟವನಲ್ಲ ಅವನು, ಮಾತು ಕಡಿಮೆ. ಪಾತ್ರೆ, ಟ್ರಂಕು, ಚಾಪೆ ಎಲ್ಲ ಏರಿಸಿದ. ಜಗದಾಂಬಾ ಕೊನೆಯ ಸಲ ಬಾಗಿಲ ಚಿಲಕವನ್ನು ಒಳಗಿನಿಂದ ಹಾಕಿ, ಸ್ವಲ್ಪ ಹೊತ್ತು ಬರಿಯ ಕೋಣೆಯಲ್ಲಿ ನಿಂತು, ತೆಗೆದು ಹೊರಬಂದಳು. ಹೊರಗೆ ಮೇಷ್ಟ್ರು ನಿಂತಿದ್ದರು. ಎರಡು ಕೈಯಲ್ಲಿ ನಿಘಂಟು ಹೊತ್ತು ಓಲ್ಡ್ ಟೌನಿನಿಂದ ಸೇತುವೆ ದಾಟಿ ನಡೆದೇ ಬಂದಿದ್ದರು. ಬಿಸಿಲಿಗೆ ಅವರ ಅಂಗಿ ಬೆನ್ನಿಗೆ ಅಂಟಿತ್ತು.

"ಇದು ನಿನ್ನ ಹತ್ರ ಇರಲಿ" ಎಂದರು.

"ಅಲ್ಲಿ ಇಡೋಕೆ ಜಾಗ ಇಲ್ಲ ಮೇಷ್ಟ್ರೆ."

"ಮುಂದಿನ ವರ್ಷ ಮತ್ತೆ ಕಟ್ಟಬಹುದಲ್ಲ. ಪ್ರಬಂಧ ನಾನೇ ಬರೆದುಕೊಡ್ತೀನಿ, ಬಾಯಿಪಾಠ ಮಾಡಿದ್ರೆ ಸಾಕು."

ಬಾಯಿಪಾಠ ಎಂಬ ಮಾತು ಅವರ ಬಾಯಲ್ಲಿ ಬಂದದ್ದು ಕೇಳಿ ಅವಳಿಗೆ ಫೇಲಾದದ್ದಕ್ಕಿಂತ ಹೆಚ್ಚು ನೋವಾಯಿತು. ಆ ಮುದಿ ಮುಖವನ್ನು ಅವಳಿಗೆ ನೋಡಲಾಗಲಿಲ್ಲ. "ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ ಮೇಷ್ಟ್ರೆ. ಸಿಟ್ಟು ಬಂದಿದ್ರೇ ಚೆನ್ನಾಗಿತ್ತು" ಎಂದು ಗಾಡಿ ಹತ್ತಿದಳು. ಗಾಡಿ ತಿರುಗುವಾಗ ಮೇಷ್ಟ್ರು ಇನ್ನೂ ಅಲ್ಲೇ ನಿಂತಿದ್ದರು, ನಿಘಂಟನ್ನು ಕೆಳಗಿಡಲೂ ಇಲ್ಲ.

ಹೊಳೆಹೊನ್ನೂರಿನ ಮನೆಯಲ್ಲಿ ಶಂಕರಮ್ಮ ಅದೇ ಕಂಬಕ್ಕೆ ಒರಗಿ ಕೂತಿದ್ದಳು. ಎರಡು ವರ್ಷಕ್ಕೂ ಮಿಕ್ಕಿ ಕೂತೇ ಇದ್ದುದರಿಂದ ಕಾಲು ಬಾತುಕೊಂಡಿದ್ದವು, ಸೊಂಟದಲ್ಲಿ ಹುಣ್ಣಾಗಿತ್ತು. ಮೈಯಲ್ಲಿ ಬಲ ಉಳಿದಿರಲಿಲ್ಲ, ಗಳಿಗೆಗೊಮ್ಮೆ ಪಕ್ಕಕ್ಕೆ ವಾಲುತ್ತಿದ್ದಳು. ಜಾರದ ಹಾಗೆ ಎರಡೂ ಕಡೆ ಭತ್ತದ ಚೀಲ ಇಟ್ಟಿದ್ದರು. ಸೊಸೆಯನ್ನು ಕಂಡು ಅವಳು ಬಾ ಎನ್ನಲಿಲ್ಲ. "ಬಂದ್ಯಾ? ಒಳ್ಳೇದಾಯ್ತು" ಎಂದಳು. "ಇನ್ಮೇಲೆ ನನ್ನ ನೋಡ್ಕಳೋದು ನಿನ್ ಕೆಲ್ಸ. ನನ್ ಮಗನ್ನ ಮಲಗಿಸಿದ್ಯಲ್ಲ, ಅದೇ ಕೈಲಿ ನನ್ನ ಕೂರ್ಸು."

ಹೊಲ, ಹಟ್ಟಿ, ಅಡುಗೆ ಎಲ್ಲ ಬೇರೆಯವರು ನೋಡಿಕೊಂಡರು. ಜಗದಾಂಬಾಗೆ ಇದೊಂದೇ ಕೆಲಸ. ಮುದುಕಿ ಎಡಕ್ಕೆ ವಾಲಿದರೆ ಕಂಕುಳಿಗೆ ಕೈ ಕೊಟ್ಟು ಎತ್ತಿ ಕೂರಿಸುವುದು, ಬಲಕ್ಕೆ ವಾಲಿದರೆ ಬಲದಿಂದ ಎತ್ತಿ ಕೂರಿಸುವುದು. ಅವಳು ನೀರಿಗೆಂದು ಹೋಗಿ ತಡವಾದರೆ ಮುದುಕಿ ಬೀದಿಗೆ ಕೇಳುವ ಹಾಗೆ, "ನನ್ನೂ ಮಲಗಿಸ್ತಾಳೆ, ಬನ್ರೋ" ಎಂದು ಕೂಗುತ್ತಿದ್ದಳು. ಹಾಗಾಗಿ ಜಗದಾಂಬಾ ದೂರ ಹೋಗುವುದನ್ನೇ ಬಿಟ್ಟಳು. ಇಂಗ್ಲಿಷ್ ಪದಗಳು ಒಂದೊಂದಾಗಿ ಹೋದವು. ಹೇಳಿಕೊಳ್ಳಲು ಯಾರೂ ಇಲ್ಲದಿದ್ದರೆ ಪದಗಳು ಉಳಿಯುವುದಿಲ್ಲ. ಆ ನಾಲ್ಕು ಮಾತ್ರ ಹೋಗಲಿಲ್ಲ, ಹೋಗಿದ್ದರೆ ಅವಳಿಗೆ ಒಳ್ಳೆಯದಿತ್ತು.

ಒಂದು ಮಧ್ಯಾಹ್ನ, ಮನೆಯವರೆಲ್ಲ ಗದ್ದೆಗೆ ಹೋಗಿದ್ದಾಗ, ಶಂಕರಮ್ಮನಿಗೆ ಗಾಢವಾದ ನಿದ್ದೆ ಬಂತು. ಮೆಲ್ಲಗೆ ಪಕ್ಕಕ್ಕೆ ವಾಲಿ, ಭತ್ತದ ಚೀಲದ ಮೇಲೆ ತಲೆ ಸಿಕ್ಕಿ, ಅಲ್ಲಿಂದಲೂ ಜಾರಿ ತಲೆ ಪಕ್ಕದಲ್ಲೇ ಕೂತಿದ್ದ ಜಗದಾಂಬಾಳ ತೊಡೆಯ ಮೇಲೆ ಬಂತು. ಬಾತ ಕಾಲುಗಳು ತಾವಾಗಿಯೇ ಉದ್ದಕ್ಕೆ ಚಾಚಿಕೊಂಡವು. ಗಂಟು ಹಾಕಿಕೊಂಡೇ ಇರುತ್ತಿದ್ದ ಆ ಹುಬ್ಬು ಸಡಿಲಾಯಿತು. ಕೊಟ್ರಬಸಪ್ಪ ನಿದ್ದೆ ಮಾಡುವಾಗ ಇದ್ದ ಮುಖವೇ ಅದು. ತಾಯಿಯ ಮುಖದಲ್ಲಿ ಅದು ಇದ್ದದ್ದು ಜಗದಾಂಬಾಗೆ ಅಂದಿನವರೆಗೆ ಗೊತ್ತಿರಲಿಲ್ಲ, ಮುದುಕಿ ಮಲಗಿದ್ದನ್ನು ಅವಳು ನೋಡಿಯೇ ಇರಲಿಲ್ಲ.

ಮಲಗಲಿ, ಸ್ವಲ್ಪ ಹೊತ್ತು ಮಲಗಲಿ ಎಂದುಕೊಂಡಳು ಜಗದಾಂಬಾ. ಅವಳಾಗಿಯೇ ಮಲಗಿದ್ದಾಳೆ, ನಾನು ಮಲಗಿಸಿಲ್ಲ. ಅವಳ ಕೈ ಮುದುಕಿಯ ನರೆತ ತಲೆಗೂದಲ ಮೇಲೆ ಹೋಯಿತು. ಹೊರಗೆ ಎಲ್ಲಿಯೂ ಸದ್ದಿರಲಿಲ್ಲ. ಅವಳಿಗೆ ಅಳು ಬಂತು.

ಆಮೇಲೆ ಮುದುಕಿಯ ಉಸಿರು ಒಂದು ಸಲ ತಡೆದು ನಿಂತ ಹಾಗಾಯಿತು. ಈಗ ಹೋದರೆ? ಹೀಗೆ ಮಲಗಿರುವಾಗಲೇ ಹೋದರೆ? ನಾನಲ್ಲ, ಅವಳೇ ಮಲಗಿದ್ದು ಎಂದು ಯಾರಿಗೆ ಹೇಳುವುದು, ಯಾರು ಒಪ್ಪುತ್ತಾರೆ? ಅವಳು ಗಡಬಡಿಸಿ ಎದ್ದು, ಕಂಕುಳಿಗೆ ಎರಡೂ ಕೈ ಕೊಟ್ಟು, ಹುಣ್ಣಿನ ಸೊಂಟವನ್ನು ಎಳೆದು, ಕಾಲು ಮಡಿಸಿ, ಮುದುಕಿಯನ್ನು ಕಂಬಕ್ಕೆ ಆನಿಸಿದಳು. ನೋವಿಗೆ ಮುದುಕಿ ನರಳಿದಳು. ಉಸಿರು ಮತ್ತೆ ಆಡತೊಡಗಿತು. ಹುಬ್ಬು ಮೊದಲಿನ ಹಾಗೆ ಗಂಟಾಯಿತು.

ಕಣ್ಣು ಬಿಡದೆಯೇ ಶಂಕರಮ್ಮ, "ಗಟ್ಟಿಯಾಗಿ ಕೂರ್ಸು" ಎಂದಳು.

ಜಗದಾಂಬಾ ಭತ್ತದ ಚೀಲವನ್ನು ಇನ್ನಷ್ಟು ಹತ್ತಿರಕ್ಕೆ ಎಳೆದು ಒತ್ತಿ, ಎದುರಿಗೆ ತಾನೂ ಕೂತಳು.